ಉಂಚಳ್ಳಿ ಜಲಪಾತ: ಮಳೆಯ ಲೆಕ್ಕ ಹಾಕಿ ಹೊರಡಿ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಹೆಗ್ಗರಣಿ ದಾಟಿದ ಮೇಲೆ, ಕಾಡಿನ ನಡುವೆ ಅಘನಾಶಿನಿ ನದಿ 116 ಮೀಟರ್ ಕೆಳಗೆ ಧುಮುಕುತ್ತದೆ. ಊರವರ ಬಾಯಲ್ಲಿ ಇದು ಕೆಪ್ಪ ಜೋಗ. ಮಳೆಗಾಲದಲ್ಲಿ ಎದುರು ನಿಂತರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಹೆಸರು ಬಂದದ್ದು ಅದರಿಂದ. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಆದರೆ ಹೆಗ್ಗರಣಿ ಕಡೆ ದಾರಿ ಕೇಳುವಾಗ 'ಉಂಚಳ್ಳಿ' ಅಂದರೆ ಸಾಕು.

ಇಲ್ಲಿಗೆ ಬರುವವರು ಮೊದಲು ತಿಳಿಯಬೇಕಾದದ್ದು ದಾರಿಯಲ್ಲ, ನೀರು. ಜೋಗದಲ್ಲಿ ಶರಾವತಿ ಎಷ್ಟು ಬೀಳಬೇಕು ಅನ್ನುವುದು ಲಿಂಗನಮಕ್ಕಿ ಅಣೆಕಟ್ಟೆಯ ಕೈಯಲ್ಲಿದೆ. ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟೆಯೇ ಇಲ್ಲ. ಶಿರಸಿಯ ಶಂಕರಹೊಂಡದ ಬಳಿ ಹುಟ್ಟಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ತನಕ ಅದು ತನ್ನ ಪಾಡಿಗೆ ಹರಿಯುವ ಹೊಳೆ. ಶಿರಸಿ ಸೀಮೆಯಲ್ಲಿ ನಾಲ್ಕು ದಿನ ಹಿಡಿದು ಹೊಯ್ದರೆ ಉಂಚಳ್ಳಿ ತುಂಬುತ್ತದೆ, ಮಳೆ ಹೊಳವಾದರೆ ಇಳಿಯುತ್ತದೆ. ಹಾಗಾಗಿ ಹೋಗುವ ದಿನ ಗೊತ್ತುಮಾಡುವ ಮೊದಲು ಹಿಂದಿನ ವಾರ ಶಿರಸಿ, ಸಿದ್ದಾಪುರದಲ್ಲಿ ಎಷ್ಟು ಮಳೆಯಾಗಿದೆ ನೋಡಿ. ಬೆಂಗಳೂರಿನ ಮೋಡ ನೋಡಿ ಲೆಕ್ಕ ಹಾಕಿದರೆ ತಪ್ಪುತ್ತದೆ.

ಜುಲೈ, ಆಗಸ್ಟ್‌ನಲ್ಲಿ ಆರ್ಭಟ ಜಾಸ್ತಿ, ಕಾಣುವುದು ಕಡಿಮೆ. ಕೆಳಗಿನ ಕಣಿವೆಯಿಂದ ಮಂಜು ಎದ್ದು ಬಂದು ಇಡೀ ಅಬ್ಬಿಯನ್ನು ಮುಚ್ಚುತ್ತದೆ. ಸದ್ದು ಮಾತ್ರ ಕೇಳುತ್ತಿರುತ್ತದೆ, ಎದುರಿಗೆ ಬಿಳಿ ಗೋಡೆ. ಅಲ್ಲಿಗೇ ಬೇಸರಪಟ್ಟು ತಿರುಗಬೇಡಿ, ಅರ್ಧ ತಾಸು ಕಾಯಿರಿ. ಗಾಳಿ ಬೀಸಿದಾಗ ಮಂಜು ಸೀಳಿ ಒಂದೆರಡು ನಿಮಿಷ ತಲೆಯಿಂದ ಬುಡದವರೆಗೆ ಕಾಣಿಸಿ ಮತ್ತೆ ಮುಚ್ಚಿಕೊಳ್ಳುತ್ತದೆ. ಮೊದಲ ಸಲ ಹೋಗುವವರಿಗೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗಿನ ಅವಧಿಯೇ ಸರಿ. ನೀರು ಧಾರಾಳ ಇರುತ್ತದೆ, ಕೆಂಪು ಬಣ್ಣ ಹೋಗಿ ತಿಳಿಯಾಗಿರುತ್ತದೆ, ಬಿಸಿಲೂ ಸಿಗುತ್ತದೆ. ಫೆಬ್ರವರಿ ಕಳೆದರೆ ಧಾರೆ ಸಣ್ಣದಾಗುತ್ತಾ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇದೊಂದನ್ನೇ ನಂಬಿ ದೂರದಿಂದ ಬರಬೇಡಿ.

ಶಿರಸಿಯಿಂದಾಗಲಿ ಸಿದ್ದಾಪುರದಿಂದಾಗಲಿ ದೂರ ಹೆಚ್ಚುಕಡಿಮೆ 35 ಕಿ.ಮೀ. ಶಿರಸಿ ಕಡೆಯಿಂದ ಬರುವವರು ಕುಮಟಾ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಹೋಗಿ ಅಮ್ಮಿನಳ್ಳಿಯಲ್ಲಿ ಎಡಕ್ಕೆ ತಿರುಗಬೇಕು. ಸಿದ್ದಾಪುರ ಕಡೆಯವರಿಗೆ ಕೋಲಸಿರ್ಸಿ, ಹಾರ್ಸಿಕಟ್ಟಾ ಮೇಲೆ ದಾರಿ. ಎರಡೂ ಹೆಗ್ಗರಣಿಯಲ್ಲಿ ಸೇರುತ್ತವೆ, ಅಲ್ಲಿಂದ ಜಲಪಾತಕ್ಕೆ ಇನ್ನು 5 ಕಿ.ಮೀ. 35 ಕಿ.ಮೀ. ಅಂದಕೂಡಲೇ ಮುಕ್ಕಾಲು ತಾಸು ಅಂದುಕೊಳ್ಳಬೇಡಿ. ಅಡಿಕೆ ತೋಟ, ಗದ್ದೆ, ಕಾಡಿನ ನಡುವೆ ತಿರುಗುವ ಸಣ್ಣ ರಸ್ತೆ ಇದು, ಒಂದೂಕಾಲು ತಾಸು ಇಟ್ಟುಕೊಂಡರೆ ನೆಮ್ಮದಿ. ಎದುರಿನಿಂದ ಜೀಪೋ ಅಡಿಕೆ ತುಂಬಿದ ಗಾಡಿಯೋ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು. ಹಾಗೆ ಸರಿಯುವಾಗ ಚಕ್ರವನ್ನು ಡಾಂಬರಿನ ಅಂಚಿನಿಂದ ಪೂರ್ತಿ ಕೆಳಗಿಳಿಸಬೇಡಿ. ಹುಲ್ಲು ಮುಚ್ಚಿದ ಚರಂಡಿ ಅಲ್ಲೇ ಇರುತ್ತದೆ, ಮಳೆಗಾಲದ ಜಿಗುಟು ಮಣ್ಣಲ್ಲಿ ಸಿಕ್ಕಿದ ಕಾರನ್ನು ನಾಲ್ಕು ಜನ ಸೇರಿ ತಳ್ಳಿದರೂ ಎತ್ತುವುದು ಕಷ್ಟ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಹಿಡಿದುಕೊಂಡೇ ಬರುವವರಿಗೆ ಸುಟ್ಟ ವಾಸನೆ ಬರುವುದುಂಟು. ಎರಡನೇ ಗೇರಿನಲ್ಲಿ ಇಂಜಿನ್ನೇ ಗಾಡಿ ಹಿಡಿಯಲಿ.

ಪೆಟ್ರೋಲು, ಎಟಿಎಂ, ಔಷಧ ಎಲ್ಲವನ್ನೂ ಶಿರಸಿ ಅಥವಾ ಸಿದ್ದಾಪುರದಲ್ಲೇ ಮುಗಿಸಿ. ಒಳಗೆ ಹೋದಹಾಗೆ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಮ್ಯಾಪನ್ನು ಮೊದಲೇ ಇಳಿಸಿಕೊಂಡಿರಿ, ಜೇಬಿನಲ್ಲಿ ಚಿಲ್ಲರೆ ನೋಟು ಇರಲಿ. ಜಲಪಾತದ ಹತ್ತಿರ ಹೋಟೆಲಿನ ನಿರೀಕ್ಷೆ ಬೇಡ. ಊಟ ಕಟ್ಟಿಕೊಂಡು ಬನ್ನಿ, ಇಲ್ಲವೇ ಶಿರಸಿ ಸುತ್ತಿನ ಹೋಂಸ್ಟೇಯಲ್ಲಿ ಉಳಿಯುವವರು ಹಿಂದಿನ ದಿನವೇ ಊಟಕ್ಕೆ ಹೇಳಿಟ್ಟಿರಿ. ತಂಬುಳಿ, ಅಪ್ಪೆಹುಳಿಯ ಊಟ ಸಿಕ್ಕಿದರೆ ಬಿಡಬಾರದು. ಈ ಹೊಳೆಯ ದಂಡೆ ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿಗೂ ಹೆಸರುವಾಸಿ.

ಗಾಡಿ ನಿಲ್ಲಿಸಿದ ಮೇಲೆ ಕಾಡಿನೊಳಗೆ ನಡಿಗೆ, ಆಮೇಲೆ ಮೆಟ್ಟಿಲು ಇಳಿದರೆ ವೀಕ್ಷಣಾ ಸ್ಥಳ. ಇಳಿಯುವಾಗ ಏನೂ ಅನಿಸುವುದಿಲ್ಲ, ಹತ್ತುವಾಗ ಮೊಣಕಾಲು ನೆನಪಿಗೆ ಬರುತ್ತದೆ. ಮಂಡಿನೋವಿರುವ ಹಿರಿಯರನ್ನು ಕರೆತಂದರೆ ಊರುಗೋಲು ಕೊಡಿ, ಅವಸರ ಮಾಡಬೇಡಿ. ಮಳೆಗಾಲದಲ್ಲಿ ಮೆಟ್ಟಿಲಿನ ನಡುಭಾಗಕ್ಕಿಂತ ಅಂಚಿನಲ್ಲಿ ಪಾಚಿ ಜಾಸ್ತಿ. ಹೆಜ್ಜೆಯನ್ನು ಅಡ್ಡಡ್ಡ ಊರಿ ನಡುವೆಯೇ ಇಳಿಯಿರಿ. ತಳ ಸವೆದ ಸ್ಪೋರ್ಟ್ಸ್ ಶೂಗಿಂತ ಹಲ್ಲು ಗಟ್ಟಿ ಇರುವ ರಬ್ಬರ್ ಚಪ್ಪಲಿಯೇ ಮೇಲು, ಹಿಂದೆ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು.

ಉಂಬಳಕ್ಕೆ (ಕಾಡಿನ ಜಿಗಣೆಗೆ) ಹೆದರಿ ಮಳೆಗಾಲದ ಪ್ರವಾಸವನ್ನೇ ಬಿಡುವವರಿದ್ದಾರೆ, ಅಷ್ಟು ಬೇಡ. ಒಣಗಿದ ಎಲೆಯ ಮೇಲೆ ನಿಂತು ಮಾತಾಡುವವರ ಕಾಲಿಗೆ ಅವು ಬೇಗ ಹತ್ತುತ್ತವೆ, ನಡೆಯುತ್ತಲೇ ಇರುವವರಿಗೆ ಕಡಿಮೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಉಪ್ಪು ಅಥವಾ ಸುಣ್ಣ, ತಂಬಾಕಿನ ಪುಡಿಯ ಸಣ್ಣ ಗಂಟು ಕೈಯಲ್ಲಿರಲಿ. ಕಚ್ಚಿದ ಉಂಬಳವನ್ನು ಸಿಟ್ಟಿನಿಂದ ಎಳೆಯಬೇಡಿ, ಉಗುರಿನಿಂದ ಬಾಯಿಯ ಹಿಡಿತ ಬಿಡಿಸಿ ಆಮೇಲೆ ಜಾಡಿಸಿ. ಬಿದ್ದ ಮೇಲೂ ರಕ್ತ ಒಸರುತ್ತಿದ್ದರೆ ಗಾಬರಿಯಾಗಬೇಡಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇದೆ. ತೊಳೆದು ಬಟ್ಟೆ ಒತ್ತಿ ಕಟ್ಟಿದರೆ ನಿಧಾನಕ್ಕೆ ನಿಲ್ಲುತ್ತದೆ.

ಇಷ್ಟೆಲ್ಲ ದಾಟಿ ಕಟಕಟೆ ಹಿಡಿದು ನಿಂತಾಗ ಸಿಗುವ ನೋಟಕ್ಕೆ ಪೂರ್ತಿ ಅಂಕ. ಇಡೀ ಹೊಳೆ ಬಂಡೆಯಂಚಿಗೆ ಬಂದು ಒಮ್ಮೆಗೇ ಕಾಲು ಜಾರಿದ ಹಾಗೆ ಬೀಳುತ್ತದೆ. ಮೇಲಿನ ಅಂಚಿನಲ್ಲಿ ಒಂದು ಬಿಳಿ ನೀರಿನ ಮುದ್ದೆಯನ್ನು ಗುರುತು ಮಾಡಿ ಕಣ್ಣಲ್ಲೇ ಬೆನ್ನುಹತ್ತಿ. ಅದು ಬೀಳುತ್ತಾ ಬಾಣದ ತುದಿಯಂತೆ ಚೂಪಾಗುತ್ತದೆ, ಬಂಡೆಗೆ ತಾಗಿ ಒಡೆಯುತ್ತದೆ, ಬುಡ ಮುಟ್ಟುವಷ್ಟರಲ್ಲಿ ಹೊಗೆಯಾಗಿರುತ್ತದೆ. ಐದಾರು ಸೆಕೆಂಡು ಬೇಕು. 116 ಮೀಟರ್ ಅಂದರೆ ಎಷ್ಟು ಅನ್ನುವುದು ಆಗ ತಿಳಿಯುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆಯುವವರು ಬಿಳಿ ನೀರಿನ ಮೇಲೆ ಬೆರಳೊತ್ತಿ ಬೆಳಕನ್ನು ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಕಪ್ಪು ಕಾಡಿನ ನಡುವೆ ನೀರು ಬರೀ ಬಿಳಿ ಪಟ್ಟಿಯಾಗುತ್ತದೆ. ಪ್ರತಿ ಎರಡು ನಿಮಿಷಕ್ಕೆ ಲೆನ್ಸ್ ಒರೆಸಲು ಒಣ ಬಟ್ಟೆ ಬೇಕೇಬೇಕು. ಬಿಸಿಲು ಬೆನ್ನ ಹಿಂದೆ ಇದ್ದಾಗ ತುಂತುರಿನಲ್ಲಿ ಕಾಮನಬಿಲ್ಲು ಹುಡುಕಿ.

ಈಜಲು, ನೀರಿಗಿಳಿಯಲು ಬರುವವರಿಗೆ ಉಂಚಳ್ಳಿ ಅಲ್ಲ. ಇದು ದೂರದಿಂದ ನೋಡುವ ಜಲಪಾತ. ಅದನ್ನು ಕೊರತೆ ಅಂತ ಬರೆಯುವುದು ಸರಿಯಲ್ಲ. ಬುಡಕ್ಕಿಳಿಯುವ ಕಾಡುದಾರಿ ಕಡಿದಾದ ಜಾರುಬಂಡೆ, ಪೆಟ್ಟಾದರೆ ಮೇಲೆ ಹೊತ್ತು ತರಲೇ ತಾಸುಗಟ್ಟಲೆ ಬೇಕು. ಜಲಪಾತದ ನೆತ್ತಿಯ ಬಂಡೆಗಳಿಗೆ ಹೋಗುವುದು ಇನ್ನೂ ಅಪಾಯ. ಇಲ್ಲಿ ಬಿಸಿಲಿದ್ದರೂ ಮೇಲೆ ಶಿರಸಿ ಕಡೆ ಮಳೆ ಹೊಡೆದಿರಬಹುದು, ತಿಳಿನೀರು ಕೆಂಪಾಗತೊಡಗಿತು ಅಂದರೆ ಹೊಳೆ ಏರುತ್ತಿದೆ ಎಂದೇ ಅರ್ಥ. ಸೆಲ್ಫಿಗಾಗಿ ಕಟಕಟೆ ದಾಟುವವರನ್ನು ಜೊತೆಗಿದ್ದವರೇ ತಡೆಯಬೇಕು.

ಸುತ್ತಲಿನ ಕಾಡು 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದ ಭಾಗವಾಗಿತ್ತು, 2019ರಲ್ಲಿ ಆ ಪ್ರದೇಶ ಶರಾವತಿ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಸಣ್ಣ ಕುಚ್ಚು ಇದ್ದರೆ ಅದು ಸಿಂಗಳೀಕ. ಉದ್ದ ಬಾಲದ ಮುಸುವವನ್ನು ನೋಡಿ ಅದೇ ಅಂದುಕೊಳ್ಳುವವರೇ ಹೆಚ್ಚು. ಸಿಂಗಳೀಕ ಮರದ ತುದಿಯಲ್ಲೇ ಓಡಾಡುವ ಪ್ರಾಣಿ, ಬಿಸ್ಕತ್ತು ಹಾಕಿ ಅದನ್ನು ರಸ್ತೆಗೆ ಇಳಿಸುವುದು ದೊಡ್ಡ ಅನ್ಯಾಯ. ತಿಂಡಿಯ ಪ್ಲಾಸ್ಟಿಕ್ಕೂ ನಿಮ್ಮ ಜೊತೆಗೇ ವಾಪಸ್ ಹೋಗಲಿ. ಮೆಟ್ಟಿಲ ಬದಿಯ ಪೊದೆಗಳಲ್ಲಿ ಸಿಕ್ಕಿಕೊಂಡ ಚಿಪ್ಸ್ ಪೊಟ್ಟಣ ಮುಂದಿನ ಮಳೆಗೆ ನೇರ ಹೊಳೆಗೆ ಇಳಿಯುತ್ತದೆ, ಆ ಹೊಳೆ ಕೆಳಗೆ ಬಳಚು (ಚಿಪ್ಪುಮೀನು) ಆರಿಸಿ ಬದುಕುವ ಅಳಿವೆಯ ಜನರ ಹತ್ತಿರ ಮುಟ್ಟುತ್ತದೆ.

ಬೆಳಿಗ್ಗೆ ಒಂಬತ್ತೂವರೆ, ಹತ್ತರ ಒಳಗೆ ತಲುಪಿದರೆ ಗದ್ದಲ ಕಡಿಮೆ. ನೋಡಲು ಎರಡು ತಾಸು ಇಡಿ. ಅದೇ ದಿನ ಮಧ್ಯಾಹ್ನ ಸಿದ್ದಾಪುರದ ಮೇಲೆ ಜೋಗಕ್ಕೂ ಹೋಗಬಹುದು, ಮೂರನೆಯದನ್ನು ಸೇರಿಸಲು ಹೋದರೆ ಮೂರೂ ಅರೆಬರೆ. ಸಂಜೆ ಬರುವವರು ನಾಲ್ಕೂವರೆಗೆಲ್ಲ ಮೆಟ್ಟಿಲು ಹತ್ತಲು ಶುರುಮಾಡಿ. ಕಾಡಿನೊಳಗೆ ಕತ್ತಲು ಬೇಗ ಬೀಳುತ್ತದೆ, ಹೆಗ್ಗರಣಿವರೆಗಿನ ಆ 5 ಕಿ.ಮೀ. ಬೆಳಕಿರುವಾಗಲೇ ದಾಟಿ.