ಉತ್ತರ ಇಂಗ್ಲೆಂಡಿನ ಹಳ್ಳಿದಾರಿಗಳಲ್ಲಿ ವಿದ್ಯಾರ್ಥಿ ತಂಡ: ಮಂಗಳೂರಿನ ಪ್ರವಾಸ ಸೇವೆಯೊಂದರ ವಿಮರ್ಶೆ

ವಿದ್ಯಾರ್ಥಿಗಳನ್ನು ಇಂಗ್ಲೆಂಡಿಗೆ ಕರೆದೊಯ್ಯುವ ಪ್ರವಾಸಗಳು ಬಹುಮಟ್ಟಿಗೆ ಲಂಡನ್ನಿನ ಸುತ್ತಮುತ್ತಲೇ ಮುಗಿದುಹೋಗುತ್ತವೆ. ಹೀಗಿರುವಾಗ ಮ್ಯಾಂಚೆಸ್ಟರಿನಲ್ಲಿ ಇಳಿದು, ಯಾರ್ಕ್‌ಷೈರ್ ಡೇಲ್ಸ್, ರೋಮನ್ನರ ಕಾಲದ ಹೇಡ್ರಿಯನ್ ಗೋಡೆ ಮತ್ತು ಲೇಕ್ ಡಿಸ್ಟ್ರಿಕ್ಟ್ ಪ್ರದೇಶಗಳನ್ನು ರಸ್ತೆಯ ಮೂಲಕವೇ ಸುತ್ತಿ, ಮತ್ತೆ ಮ್ಯಾಂಚೆಸ್ಟರಿಗೆ ಮರಳುವ ಪ್ರವಾಸವೊಂದನ್ನು ಮಂಗಳೂರಿನ ಸಂಸ್ಥೆಯೊಂದು ಕಾಲೇಜು ತಂಡಗಳಿಗಾಗಿ ಏರ್ಪಡಿಸುತ್ತದೆ ಎಂದು ತಿಳಿದಾಗ ನಮ್ಮ ಭೂಗೋಳ ವಿಭಾಗದವರೆಲ್ಲ ಉತ್ಸುಕರಾದೆವು. ಮೇ ತಿಂಗಳ ರಜೆಯಲ್ಲಿ ತಂಡದ ಜೊತೆಗಿರುವ ಅಧ್ಯಾಪಕರ ನೆಲೆಯಲ್ಲಿ ನಾನೂ ಹೋಗಿ ಬಂದೆ. ಈ ಸೇವೆಯಲ್ಲಿ ವಾಹನ, ಚಾಲಕ ಮತ್ತು ವಸತಿ ಈ ಮೂರೂ ನಿರೀಕ್ಷೆಗಿಂತ ಉತ್ತಮವಾಗಿದ್ದವು. ದಿನದ ಕಾರ್ಯಕ್ರಮಪಟ್ಟಿ ಮಾತ್ರ ಆ ಮೂರಕ್ಕೂ ತಕ್ಕುದಾಗಿರಲಿಲ್ಲ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಬೇಕಾದದ್ದು ಇಂಥ ಯಾವುದೇ ಸೇವೆಯನ್ನು ಆರಿಸಿಕೊಳ್ಳುವ ತಂಡಕ್ಕೂ ಅನ್ವಯಿಸುವಂಥದ್ದು.

ಹೊರಡುವ ಮುಂಚಿನ ಕೆಲಸಗಳನ್ನು ಅವರು ಅಚ್ಚುಕಟ್ಟಾಗಿ ಮಾಡಿಕೊಟ್ಟರು. ವೀಸಾ ಅರ್ಜಿಗೆ ಬೇಕಾದ ಪತ್ರಗಳು, ಗುಂಪು ವಿಮೆ, ಪ್ರತಿಯೊಬ್ಬ ವಿದ್ಯಾರ್ಥಿಯ ಪ್ಯಾನ್ ಸಂಖ್ಯೆಯ ಮೇಲೆ ಪ್ರತ್ಯೇಕವಾಗಿ ತೋರಿಸಿದ ಟಿಸಿಎಸ್ (ವಿದೇಶ ಪ್ರವಾಸದ ಹಣದ ಜೊತೆಗೇ ಸಂಗ್ರಹಿಸುವ ತೆರಿಗೆ) ರಸೀದಿ, ಎಲ್ಲವೂ ಸಮಯಕ್ಕೆ ಸರಿಯಾಗಿ ಕೈಸೇರಿದವು. ಹಾಲಿನ ಉತ್ಪನ್ನಗಳನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ ಎಂಬುದನ್ನು ಪೋಷಕರ ಸಭೆಯಲ್ಲಿ ಮೊದಲೇ ಬಿಡಿಸಿ ಹೇಳಿದ್ದರಿಂದ, ಮನೆಮಂದಿ ಪ್ರೀತಿಯಿಂದ ಕಟ್ಟಿಕೊಡಲಿದ್ದ ತುಪ್ಪ, ಪೇಡಾಗಳು ವಿಮಾನ ನಿಲ್ದಾಣದ ಕಸದ ಬುಟ್ಟಿ ಸೇರುವುದು ತಪ್ಪಿತು.

ಇನ್ನು ಕಾರ್ಯಕ್ರಮಪಟ್ಟಿಯ ವಿಚಾರ. ಅದನ್ನು ತಯಾರಿಸಿದವರು ಭೂಪಟದ ಮೇಲಿನ ದೂರವನ್ನೇ ಸಮಯವೆಂದು ಭಾವಿಸಿದಂತಿತ್ತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಉಡುಪಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರನ್ನು ಒಂದೂಕಾಲು ಗಂಟೆಯಲ್ಲಿ ಕ್ರಮಿಸುವ ನಮಗೆ, ಹಾಸ್ ಎಂಬ ಪೇಟೆಯಿಂದ ಥ್ವೇಟ್ ಎಂಬ ಹಳ್ಳಿಗೆ ಇರುವ ಸುಮಾರು 10 ಕಿಲೋಮೀಟರ್ ಲೆಕ್ಕಕ್ಕೇ ಬಾರದ ದೂರ. ಆದರೆ ಆ ದಾರಿ 526 ಮೀಟರ್ ಎತ್ತರದ ಬಟರ್‌ಟಬ್ಸ್ ಕಣಿವೆಮಾರ್ಗವನ್ನು ಹತ್ತಿ ಇಳಿಯುತ್ತದೆ. ಅಂಥ ದಾರಿಗಳಲ್ಲಿ ಬೇಲಿಯಿಲ್ಲದ ಕಡೆ ಕುರಿಗಳು ಡಾಂಬರಿನ ಮೇಲೆಯೇ ಮಲಗಿರುತ್ತವೆ, ಗೋಡೆಗಳ ನಡುವೆ ರಸ್ತೆ ಕಿರಿದಾದಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಒಬ್ಬರು ಹಿಂದೆ ಸರಿದು ಜಾಗ ಮಾಡಿಕೊಡಬೇಕಾಗುತ್ತದೆ. ಇಂಥ ರಸ್ತೆಗಳಿರುವ ದಿನಕ್ಕೇ ಮಾಲ್ಹಮ್, ರಿಬಲ್‌ಹೆಡ್, ಹಾಸ್, ಸ್ವೇಲ್‌ಡೇಲ್‌ಗಳನ್ನೆಲ್ಲ ತುಂಬಿ, ಮರುದಿನ ಹೇಡ್ರಿಯನ್ ಗೋಡೆಯ ಜೊತೆಗೆ ಎಡಿನ್‌ಬರೋವನ್ನೂ ಪೋಣಿಸಿದ್ದರು. ಗೋಡೆಯಿಂದ ಎಡಿನ್‌ಬರೋಗೆ ಹೋಗಿ ಬರಲು ರಸ್ತೆಯಲ್ಲೇ ಐದು ಗಂಟೆಯಷ್ಟು ಬೇಕು. ಸ್ಕಾಟ್ಲೆಂಡಿನ ಹೆಸರು ಜಾಹೀರಾತಿನಲ್ಲಿ ಕಂಡರೆ ಪೋಷಕರಿಗೆ ಹಣ ಕೊಟ್ಟದ್ದು ಸಾರ್ಥಕವೆನಿಸುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದಿರಬಹುದು; ವಿದ್ಯಾರ್ಥಿಗಳ ಕಲಿಕೆಯ ಲೆಕ್ಕಾಚಾರ ಅದರಲ್ಲಿ ಇರಲಿಲ್ಲ.

ಪಟ್ಟಿಯ ಈ ದೋಷವನ್ನು ತಿದ್ದಿದವರು ನಮ್ಮ ಚಾಲಕರು. ಯಾರ್ಕ್‌ಷೈರಿನವರೇ ಆದ ಆ ಹಿರಿಯರು ಮೊದಲ ದಿನವೇ ಪಟ್ಟಿಯನ್ನು ಓದಿ, ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ನನ್ನೊಡನೆ ಕುಳಿತು ಗುರುತು ಹಾಕಿದರು. ಬ್ರಿಟನ್ನಿನಲ್ಲಿ ಬಾಡಿಗೆ ಮಿನಿಬಸ್ಸಿನ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಬಳಿಕ ಕನಿಷ್ಠ 45 ನಿಮಿಷ ವಿಶ್ರಾಂತಿ ಪಡೆಯಲೇಬೇಕು. ದಿನಕ್ಕೆ ಒಟ್ಟು 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆಯವರೆಗೆ ಓಡಿಸಬಹುದು. ಇದೆಲ್ಲವನ್ನೂ ಟ್ಯಾಕೋಗ್ರಾಫ್ ಎಂಬ ಉಪಕರಣ ದಾಖಲಿಸುತ್ತಿರುತ್ತದೆ. ಟೈಮಿಂಗಿಗಾಗಿ ಪೈಪೋಟಿಗೆ ಬಿದ್ದು ಓಡುವ ನಮ್ಮ ಊರಿನ ಬಸ್ಸುಗಳಲ್ಲಿ ದಿನವೂ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಈ ವ್ಯವಸ್ಥೆಯನ್ನು ಕುತೂಹಲದಿಂದ ವಿಚಾರಿಸಿದರು. ವಿರಾಮದ 45 ನಿಮಿಷ ಕಳೆಯುವವರೆಗೆ ಚಾಲಕರು ಸ್ಟಿಯರಿಂಗ್ ಮುಟ್ಟಲಿಲ್ಲ, ಯಾರೂ ಅವರನ್ನು ಅವಸರಪಡಿಸಲೂ ಇಲ್ಲ. ಇಂಥ ಚಾಲಕರನ್ನು ಒದಗಿಸಿದ್ದಕ್ಕಾಗಿ ಸಂಸ್ಥೆಗೆ ಪೂರ್ಣ ಅಂಕ ಕೊಡಬೇಕು.

ಮಾಲ್ಹಮ್ ಹಳ್ಳಿಯಲ್ಲಿ ಕಳೆದ ಸಮಯ ಇಡೀ ಪ್ರವಾಸದ ಅತ್ಯಂತ ಫಲವತ್ತಾದ ಭಾಗಗಳಲ್ಲಿ ಒಂದು. ಮಾಲ್ಹಮ್ ಕೋವ್ ಎಂಬುದು ಸುಮಾರು 80 ಮೀಟರ್ ಎತ್ತರದ, ಅರ್ಧಚಂದ್ರಾಕಾರದ ಸುಣ್ಣಕಲ್ಲಿನ ಬಂಡೆ. ಹಿಮಯುಗದ ಕೊನೆಯಲ್ಲಿ ಕರಗಿದ ನೀರು ಜಲಪಾತವಾಗಿ ಧುಮುಕಿದ ಜಾಗವಿದು. ಈಗ ನೀರು ಸುಣ್ಣಕಲ್ಲಿನ ಒಳದಾರಿಗಳಲ್ಲಿ ಹರಿದು ಬಂಡೆಯ ಬುಡದಲ್ಲಿ ಹೊರಬರುತ್ತದೆ. 2015ರ ಡಿಸೆಂಬರಿನ ಭಾರೀ ಮಳೆಗೆ ಮಾತ್ರ, ಬಹುಕಾಲದ ಬಳಿಕ, ಬಂಡೆಯ ನೆತ್ತಿಯಿಂದ ಮತ್ತೆ ಜಲಪಾತ ಸುರಿದಿತ್ತು. ಮೆಟ್ಟಿಲು ಹತ್ತಿ ಮೇಲೆ ಹೋದರೆ, ಮಳೆನೀರು ಸಾವಿರಾರು ವರ್ಷ ಕರಗಿಸಿ ಕೊರೆದ ಬಿರುಕುಗಳ ನಡುವೆ ಕಲ್ಲಿನ ಹಾಸು ಹರಡಿದೆ. ಮುರಕಲ್ಲಿನ ನೆಲದಲ್ಲಿ ಬೆಳೆದ ನಮ್ಮ ಮಕ್ಕಳು ಪಠ್ಯದಲ್ಲಿ ಮಾತ್ರ ಓದಿದ್ದ, ನೀರು ಸುಣ್ಣಕಲ್ಲನ್ನು ಕರಗಿಸಿ ರೂಪಿಸುವ ಕಾರ್ಸ್ಟ್ ಭೂರೂಪವನ್ನು ಇಲ್ಲಿ ಮಂಡಿಯೂರಿ ನೋಡಿದರು; ಬಿರುಕಿನೊಳಗೆ ಗಾಳಿಗೆ ಸಿಗದಂತೆ ಬೆಳೆದ ಜರಿಗಿಡಗಳನ್ನು ಕೈಯಿಂದ ಮುಟ್ಟದೆ ಚಿತ್ರ ಬರೆದುಕೊಂಡರು.

ಅದೇ ಹಳ್ಳಿಯಲ್ಲಿ ಗೋಡೆ ಕಟ್ಟುತ್ತಿದ್ದ ರೈತರೊಬ್ಬರ ಬಳಿ ನಾವು ಬಹಳ ಹೊತ್ತು ನಿಂತೆವು. ಆ ನಾಡಿನ ಗುಡ್ಡಗಳನ್ನೆಲ್ಲ ಗೆರೆ ಎಳೆದಂತೆ ವಿಭಾಗಿಸುವ ಈ ಗೋಡೆಗಳಿಗೆ ಗಾರೆಯಾಗಲಿ ಸಿಮೆಂಟಾಗಲಿ ಇಲ್ಲ. ಒಳಮುಖವಾಗಿ ಸ್ವಲ್ಪ ಬಾಗಿದ ಎರಡು ಸಾಲು ಕಲ್ಲು, ನಡುವೆ ಬಿಗಿಯಾಗಿ ತುಂಬಿದ ಪುಡಿಗಲ್ಲು, ಅಲ್ಲಲ್ಲಿ ಎರಡೂ ಸಾಲನ್ನು ಸೇರಿಸುವಂತೆ ಅಡ್ಡಲಾಗಿ ಇಟ್ಟ ಉದ್ದನೆಯ ಕಲ್ಲು, ಮೇಲೆ ಸಾಲಾಗಿ ಓರೆಯಾಗಿ ಜೋಡಿಸಿದ ಮುಚ್ಚುಗಲ್ಲು. ಬಂಟ್ವಾಳದ ಕಡೆಯ, ಅಡಿಕೆ ತೋಟದ ಮನೆಯ ವಿದ್ಯಾರ್ಥಿಯೊಬ್ಬ ತನ್ನ ಅಜ್ಜ ಕಟ್ಟಿಸಿದ ಪಾಗಾರ ಪ್ರತಿ ಮಳೆಗಾಲ ಎಲ್ಲಿ ಕುಸಿಯುತ್ತದೆ ಎಂದು ವಿವರಿಸಿ, ಅಡ್ಡಗಲ್ಲನ್ನು ಎಷ್ಟು ಅಂತರಕ್ಕೆ ಇಡಬೇಕೆಂದು ಕೇಳಿದ. ಆ ರೈತರು ಉತ್ತರವನ್ನು ಬಾಯಿಮಾತಿನಲ್ಲಿ ಹೇಳದೆ, ಕಲ್ಲೊಂದನ್ನು ಅವನ ಕೈಗೆ ಕೊಟ್ಟು, ಅದರ ಉದ್ದದ ತುದಿಯನ್ನು ಗೋಡೆಯ ಒಳಕ್ಕೆ ತಿರುಗಿಸಿ ಇಡಿಸಿದರು. ಪಟ್ಟಿಯಲ್ಲಿ ಮಾಲ್ಹಮ್‌ಗೆ ಕೊಟ್ಟಿದ್ದ ಅವಧಿಯಲ್ಲಿ ಇದು ನಡೆಯಲು ಸಾಧ್ಯವೇ ಇರಲಿಲ್ಲ.

ರಿಬಲ್‌ಹೆಡ್‌ನಲ್ಲಿ ತೂರುಗಾಳಿ, ತುಂತುರು. ಸೆಟಲ್–ಕಾರ್ಲೈಲ್ ರೈಲುಮಾರ್ಗದ 24 ಕಮಾನುಗಳ ಸೇತುವೆ ಇಲ್ಲಿದೆ. ಉದ್ದ ಸುಮಾರು 400 ಮೀಟರ್, ಎತ್ತರ 32 ಮೀಟರ್, ಕಟ್ಟುವ ಕೆಲಸ ಶುರುವಾದದ್ದು 1870ರಲ್ಲಿ. ಕೊಂಕಣ ರೈಲ್ವೆಯ ಸುರಂಗ, ಸೇತುವೆಗಳನ್ನು ದಾಟಿ ಮುಂಬೈಗೆ ಹೋಗಿ ಬರುವ ಕರಾವಳಿಯವರಿಗೆ ಈ ಎತ್ತರ ಬೆರಗು ಹುಟ್ಟಿಸಲಿಕ್ಕಿಲ್ಲ. ಆದರೆ ಇದನ್ನು ಕಟ್ಟಿದ ಕೂಲಿಕಾರರು ಕುಟುಂಬ ಸಮೇತ ಈ ಜೌಗುನೆಲದ ಗುಡಿಸಲುಗಳಲ್ಲಿ ಬದುಕಿ, ಅಪಘಾತಕ್ಕೂ ಸಿಡುಬಿಗೂ ಬಲಿಯಾದ ಸಂಗತಿಯನ್ನು ಅಲ್ಲಿಯೇ ನಿಂತು ಕೇಳಿದಾಗ ವಿದ್ಯಾರ್ಥಿಗಳ ಪ್ರಶ್ನೆಗಳ ಧಾಟಿಯೇ ಬದಲಾಯಿತು. 1980ರ ದಶಕದಲ್ಲಿ ಮುಚ್ಚಲು ಹೊರಟಿದ್ದ ಈ ಮಾರ್ಗ ಜನರ ಹೋರಾಟದಿಂದ 1989ರಲ್ಲಿ ಉಳಿದುಕೊಂಡಿತು.

ಎಡಿನ್‌ಬರೋವನ್ನು ಕೈಬಿಟ್ಟದ್ದರ ಲಾಭ ಪೂರ್ತಿಯಾಗಿ ಸಿಕ್ಕಿದ್ದು ಹೇಡ್ರಿಯನ್ ಗೋಡೆಯ ಪ್ರದೇಶದಲ್ಲಿ. ಕ್ರಿ.ಶ. 122ರಲ್ಲಿ ಕಟ್ಟಲು ತೊಡಗಿದ, ಸುಮಾರು 117 ಕಿಲೋಮೀಟರ್ ಉದ್ದದ ಈ ರೋಮನ್ ಗಡಿಗೋಡೆಯ ಗುಡ್ಡದಂಚಿನ ಭಾಗದಲ್ಲಿ ನಡೆದು, 2023ರ ಸೆಪ್ಟೆಂಬರಿನಲ್ಲಿ ದುಷ್ಕರ್ಮಿಗಳು ರಾತ್ರಿ ಕಡಿದುರುಳಿಸಿದ ಸಿಕಮೋರ್ ಮರ ನಿಂತಿದ್ದ ಕಣಿವೆಯನ್ನೂ ನೋಡಿದೆವು. ಕಡಿದ ಬುಡ ಮರುವರ್ಷವೇ ಚಿಗುರಿದೆ. ಆದರೆ ನಾನು ಯಾವ ತಂಡಕ್ಕೂ ಒತ್ತಾಯಪೂರ್ವಕವಾಗಿ ಹೇಳುವ ಸ್ಥಳ ವಿಂಡೋಲಾಂಡಾ. ಗೋಡೆಗಿಂತಲೂ ಹಳೆಯದಾದ ಈ ರೋಮನ್ ಸೇನಾನೆಲೆಯ ಹಸಿಮಣ್ಣಿನಲ್ಲಿ, ಗಾಳಿಯ ಸಂಪರ್ಕವಿಲ್ಲದೆ ಕೊಳೆಯದೆ ಉಳಿದ ತೆಳು ಮರದ ಹಲಗೆಗಳ ಮೇಲಿನ ಶಾಯಿಬರಹಗಳು 1973ರಿಂದ ಸಿಗುತ್ತ ಬಂದಿವೆ. ಸೈನಿಕನೊಬ್ಬನಿಗೆ ಕಾಲುಚೀಲ, ಚಪ್ಪಲಿ, ಒಳಉಡುಪು ಕಳುಹಿಸಿದ ಒಕ್ಕಣೆ ಒಂದರಲ್ಲಿದೆ. ಸುಮಾರು ಕ್ರಿ.ಶ. 100ರಲ್ಲಿ ಕ್ಲಾಡಿಯಾ ಸೆವೆರಾ ಎಂಬಾಕೆ ತನ್ನ ಗೆಳತಿ ಸಲ್ಪಿಸಿಯಾ ಲೆಪಿಡಿನಾಳನ್ನು ಸೆಪ್ಟೆಂಬರ್ 11ರ ತನ್ನ ಹುಟ್ಟುಹಬ್ಬಕ್ಕೆ ಕರೆದ ಪತ್ರ ಇನ್ನೊಂದು. ಪತ್ರದ ಒಡಲನ್ನು ಬರೆದವನು ಲಿಪಿಕಾರ. ಕೊನೆಯ ಆತ್ಮೀಯ ಸಾಲುಗಳು ಮಾತ್ರ ಆಕೆಯದೇ ಕೈಬರಹ. ಮೂಲ ಹಲಗೆಗಳಲ್ಲಿ ಬಹುಪಾಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಆದರೂ ಅವು ಸಿಕ್ಕಿದ ನೆಲದ ಮೇಲೆ ನಿಂತು, ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಸಾಲುಗಟ್ಟಿದ ಚರ್ಮದ ಪಾದರಕ್ಷೆಗಳ ನಡುವೆ ಪುಟ್ಟ ಮಕ್ಕಳ ಚಪ್ಪಲಿಗಳನ್ನು ಕಂಡಾಗ, ಸೇನಾನೆಲೆ ಎಂದರೆ ಬರೀ ಸೈನಿಕರ ಬಿಡಾರ ಎಂದುಕೊಂಡಿದ್ದ ವಿದ್ಯಾರ್ಥಿಗಳು ತಮ್ಮ ಟಿಪ್ಪಣಿಗಳನ್ನು ತಾವೇ ತಿದ್ದಿಕೊಂಡರು. ಸಂಸ್ಥೆಯ ಪಟ್ಟಿಯಲ್ಲಿ ಇದಕ್ಕೆ ಮುಕ್ಕಾಲು ಗಂಟೆ. ನಾವು ಬಾಗಿಲು ಮುಚ್ಚುವವರೆಗೂ ಇದ್ದೆವು.

ಲೇಕ್ ಡಿಸ್ಟ್ರಿಕ್ಟ್‌ನ ವಿಚಾರದಲ್ಲಿಯೂ ಪಟ್ಟಿಗೆ ಚಾಲಕರೇ ತಡೆಯೊಡ್ಡಿದರು. ಹಾರ್ಡ್‌ನಾಟ್ ಎಂಬ ಘಾಟಿಯ ಮೂಲಕ ಹೋಗಬೇಕೆಂದು ಅದರಲ್ಲಿತ್ತು. ಕೆಲವು ಕಡೆ ಮೂರಡಿ ಮುಂದೆ ಹೋದರೆ ಒಂದಡಿ ಏರುವ, ಒಂದೇ ವಾಹನದಷ್ಟು ಅಗಲದ ಆ ದಾರಿಗೆ ತುಂಬಿದ ಮಿನಿಬಸ್ಸನ್ನು ಒಯ್ಯುವುದಿಲ್ಲ ಎಂದು ಅವರು ನೇರವಾಗಿ ಹೇಳಿದರು. ಆಗುಂಬೆಯ 14 ತಿರುವುಗಳನ್ನು ಬಲ್ಲ ನಮಗೆ ಅವರ ಮಾತಿನ ತೂಕ ತಿಳಿಯಲು ತಡವಾಗಲಿಲ್ಲ. ಬದಲಿಗೆ 454 ಮೀಟರ್ ಎತ್ತರದ ಕರ್ಕ್‌ಸ್ಟೋನ್ ಘಾಟಿ ಹತ್ತಿ ಅಲ್ಸ್‌ವಾಟರ್ ಸರೋವರದತ್ತ ಇಳಿದೆವು. ಗ್ರಾಸ್ಮಿಯರ್‌ನಲ್ಲಿ ಕವಿ ವರ್ಡ್ಸ್‌ವರ್ತ್ 1799ರಿಂದ 1808ರವರೆಗೆ ಬಾಳಿದ ಡವ್ ಕಾಟೇಜನ್ನು ನೋಡಿದೆವು. ಕೋಣೆಗಳು ಚಿಕ್ಕವು, ದೊಡ್ಡ ತಂಡ ಎರಡು ಸರದಿಯಲ್ಲಿ ಹೋಗುವುದು ಒಳ್ಳೆಯದು.

ಮಳೆಯ ಬಗ್ಗೆ ಸಂಸ್ಥೆ ಕೊಟ್ಟ ಸೂಚನೆ ಸಾಲದು. ಸಾಮಾನುಪಟ್ಟಿಯಲ್ಲಿ ಕೊಡೆ ಎಂದಷ್ಟೇ ಇತ್ತು. ಬಾರೋಡೇಲ್ ಕಣಿವೆಯ ಸೀತ್‌ವೇಟ್‌ನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುತ್ತದೆ, ಅಂದರೆ ನಮ್ಮ ಕರಾವಳಿಯ ಮಳೆಗೆ ಹತ್ತಿರ ಬರುವ ಪ್ರಮಾಣ. ಆದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಹುಪಾಲು ಸುರಿದು ಮುಗಿಯುವುದು ಅಲ್ಲಿ ಹನ್ನೆರಡೂ ತಿಂಗಳಿಗೆ ಹಂಚಿಹೋಗಿದೆ. ಮೇ ತಿಂಗಳಲ್ಲೂ ಅದು ತಣ್ಣಗೆ, ಅಡ್ಡಗಾಳಿಯೊಡನೆ ಬರುತ್ತದೆ, ಬೆಟ್ಟದ ಮೇಲೆ ಕೊಡೆ ನಿಲ್ಲುವುದೇ ಇಲ್ಲ. ಟೋಪಿಯುಳ್ಳ ಒಳ್ಳೆಯ ಮಳೆಯಂಗಿ, ನೀರು ಒಳಹೋಗದ ಶೂ ಮತ್ತು ಉಣ್ಣೆಯ ಕಾಲುಚೀಲ ಕಡ್ಡಾಯವೆಂದು ಬರೆಯಬೇಕಿತ್ತು.

ವಸತಿಗೆ ವೈಎಚ್‌ಎ ಸಂಘಟನೆಯ ಯೂತ್ ಹಾಸ್ಟೆಲುಗಳನ್ನು ಆರಿಸಿದ್ದು ಸಂಸ್ಥೆಯ ಅತ್ಯುತ್ತಮ ನಿರ್ಧಾರ. 1930ರಲ್ಲಿ ಆರಂಭವಾದ ಈ ಸಂಘಟನೆಯ ಹಾಸ್ಟೆಲುಗಳು ನಾವು ತಂಗಿದ ಮಾಲ್ಹಮ್, ಹೇಡ್ರಿಯನ್ ಗೋಡೆಯ ಬಳಿಯ ದಿ ಸಿಲ್ ಮತ್ತು ವಿಂಡರ್ಮಿಯರ್ ದಂಡೆಯ ಆಂಬಲ್‌ಸೈಡ್ ಈ ಮೂರು ಕಡೆಯೂ ನಡೆದು ನೋಡಬೇಕಾದ ಜಾಗಗಳ ಪಕ್ಕದಲ್ಲೇ ಇವೆ. ಬಂಕ್ ಹಾಸಿಗೆಗಳು ಸರಳ, ಆದರೆ ಶುಚಿ. ಒದ್ದೆ ಬಟ್ಟೆ ಒಣಗಿಸುವ ಕೋಣೆ ಸಿಕ್ಕಿದ್ದು ನಮ್ಮ ಪಾಲಿಗೆ ದೊಡ್ಡ ನೆಮ್ಮದಿ. ಅಡುಗೆಮನೆಯಲ್ಲಿ ನಾವೇ ಬೇಯಿಸಿಕೊಳ್ಳಬಹುದಾದ್ದರಿಂದ ಸಸ್ಯಾಹಾರಿಗಳಿಗೆ ತೊಂದರೆಯಾಗಲಿಲ್ಲ. ಕುಚ್ಚಲಕ್ಕಿ ಬೇಯಲು ಹಿಡಿಯುವ ಹೊತ್ತು ಹಂಚಿಕೊಂಡ ಒಲೆಗಳಿಗೆ ಹೊಂದುವುದಿಲ್ಲ. ಬೆಳ್ತಿಗೆ ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ ಇದ್ದರೆ ಸಂಜೆಯ ಊಟ ಮುಕ್ಕಾಲು ಗಂಟೆಯಲ್ಲಿ ಸಿದ್ಧ. ಮೇ ಕೊನೆಯಲ್ಲಿ ಅಲ್ಲಿ ಸೂರ್ಯಾಸ್ತವಾಗುವುದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ. ಉಂಡ ಬಳಿಕವೂ ಹೊಲಗಳ ನಡುವಿನ ಸಾರ್ವಜನಿಕ ಕಾಲುದಾರಿಗಳಲ್ಲಿ ನಡೆಯಲು ಬೆಳಕಿರುತ್ತಿತ್ತು. ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಹೋಗಬೇಕೆಂಬ ಅಲ್ಲಿನ ನಿಯಮವನ್ನು ನಮ್ಮ ತಂಡ ತಪ್ಪದೆ ಪಾಲಿಸಿತು.

ಹಣದ ವಿಷಯದಲ್ಲಿ ನನ್ನದೊಂದು ಆಕ್ಷೇಪವಿದೆ. ಎಲ್ಲವೂ ಸೇರಿದೆ ಎಂದು ಬರೆದ ದರದಲ್ಲಿ ವಾಹನ ನಿಲುಗಡೆ ಶುಲ್ಕವಾಗಲಿ ವಿಂಡೋಲಾಂಡಾ, ಡವ್ ಕಾಟೇಜುಗಳ ಪ್ರವೇಶ ಶುಲ್ಕವಾಗಲಿ ಸೇರಿರಲಿಲ್ಲ. ಮಕ್ಕಳ ಕೈಯಲ್ಲಿದ್ದ ಪೌಂಡುಗಳು ಲೆಕ್ಕದವು. ಇಂಥ ವೆಚ್ಚ ದಾರಿಯಲ್ಲಿ ತಿಳಿಯುವುದು ನ್ಯಾಯವಲ್ಲ. ಮರಳಿದ ಮೇಲೆ ಇದನ್ನು ಲಿಖಿತವಾಗಿ ತಿಳಿಸಿದ್ದೇನೆ. ಪ್ರವೇಶ ಶುಲ್ಕಗಳನ್ನು ಒಪ್ಪಂದದಲ್ಲೇ ಬಿಡಿಬಿಡಿಯಾಗಿ ನಮೂದಿಸುವುದಾಗಿಯೂ ಎಡಿನ್‌ಬರೋವನ್ನು ಐಚ್ಛಿಕವಾಗಿ ಇಡುವುದಾಗಿಯೂ ಅವರು ಉತ್ತರಿಸಿದ್ದಾರೆ. ಹಾರ್ಡ್‌ನಾಟ್ ವಿಚಾರಕ್ಕೆ ಇನ್ನೂ ಉತ್ತರ ಬಂದಿಲ್ಲ. ಮುಂದೆ ಹೋಗುವ ತಂಡದವರು ಮುಂಗಡ ಕೊಡುವ ಮೊದಲು ಪ್ರತಿ ದಿನದ ರಸ್ತೆಯ ಹೆಸರು ಮತ್ತು ಓಡಾಟದ ಗಂಟೆಗಳನ್ನು ಬರೆಸಿಕೊಳ್ಳಲಿ, ಪ್ರವಾಸದುದ್ದಕ್ಕೂ ಒಬ್ಬರೇ ಸ್ಥಳೀಯ ಚಾಲಕರು ಇರಬೇಕೆಂದು ಕೇಳಲಿ, ಮತ್ತು ಹಾಸ್ಟೆಲುಗಳಲ್ಲಿ ತಂಡಕ್ಕೆ ಜಾಗ ಬೇಗ ತುಂಬುವುದರಿಂದ ಮೇ ತಿಂಗಳ ಪ್ರವಾಸಕ್ಕೆ ದಸರಾ ರಜೆಯ ಹೊತ್ತಿಗೇ ಮಾತುಕತೆ ಆರಂಭಿಸಲಿ.