ಪ್ಯಾಚ್ ಹಾಕುವಾಗ -ಪಿ0 ಬೇಕೋ, -ಪಿ1 ಬೇಕೋ?

ಪ್ಯಾಚ್ ಅಂದರೆ ಕೋಡಿನ ಬದಲಾವಣೆಗಳನ್ನು ಬರೆದಿಟ್ಟ ಫೈಲ್; ಅದನ್ನು ಹಾಕುವುದು ‘ಪ್ಯಾಚ್’ ಕಮಾಂಡ್. ಅದರಲ್ಲಿನ ಫೈಲ್ ದಾರಿಯ ಮೊದಲಿನ ಎಷ್ಟು ಭಾಗ ಕಳಚಬೇಕು ಅಂತ -ಪಿ ಪಕ್ಕದ ಅಂಕಿ ಹೇಳುತ್ತದೆ. ಮೊದಲು ಪ್ಯಾಚ್ ಫೈಲ್ ತೆರೆದು ‘+++’ ಸಾಲು ನೋಡಿ. ‘ಬಿ/ಎಸ್‌ಆರ್‌ಸಿ/ಮೇನ್.ಸಿ’ ಅಂತಿದ್ದರೆ ಅದು ಹೆಚ್ಚಾಗಿ ಗಿಟ್‌ನದು (ಕೋಡಿನ ಆವೃತ್ತಿಗಳನ್ನು ನೋಡಿಕೊಳ್ಳುವ ಸಾಧನ). ಆ ‘ಬಿ/’ ನಿಮ್ಮ ಪ್ರಾಜೆಕ್ಟಿನಲ್ಲಿ ಇರುವುದೇ ಇಲ್ಲ. ಹಾಗಾಗಿ -ಪಿ1 ಕೊಟ್ಟು ಅದನ್ನು ಕಳಚಬೇಕು. ನೇರವಾಗಿ ‘ಎಸ್‌ಆರ್‌ಸಿ/ಮೇನ್.ಸಿ’ ಅಂತಿದ್ದರೆ -ಪಿ0. ಸಬ್‌ವರ್ಷನ್ (ಗಿಟ್‌ನಂಥದ್ದೇ ಇನ್ನೊಂದು ಸಾಧನ) ಪ್ಯಾಚ್‌ಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ. ಎರಡನ್ನೂ ಪ್ರಾಜೆಕ್ಟಿನ ರೂಟ್ ಫೋಲ್ಡರ್‌ನಿಂದಲೇ ಓಡಿಸಿ.

-ಪಿ ಕೊಡದೇ ಬಿಟ್ಟರೆ? ‘ಪ್ಯಾಚ್’ ಕಮಾಂಡ್ ದಾರಿಯನ್ನೆಲ್ಲ ಬಿಟ್ಟು ಬರೀ ‘ಮೇನ್.ಸಿ’ ಅಂತ ಹುಡುಕುತ್ತದೆ. ಅದೇ ಹೆಸರಿನ ಬೇರೆ ಫೈಲ್ ಅಲ್ಲಿದ್ದರೆ ಕಷ್ಟ, ಅಲ್ವಾ?

ಗಿಟ್ ರೆಪೊ ಇದ್ದರೆ ನನ್ನ ಆಯ್ಕೆ ‘ಗಿಟ್ ಅಪ್ಲೈ’. ಅದರಲ್ಲಿ -ಪಿ1 ತಾನಾಗಿಯೇ ಇರುತ್ತದೆ. ಪ್ಯಾಚಿನ ಒಂದೇ ಒಂದು ತುಣುಕು ಕೂರದಿದ್ದರೂ ಅದು ಯಾವ ಫೈಲನ್ನೂ ಮುಟ್ಟುವುದಿಲ್ಲ. ‘ಪ್ಯಾಚ್’ ಹಾಗಲ್ಲ. ಕೂತಷ್ಟನ್ನು ಹಾಕಿ, ಉಳಿದದ್ದನ್ನು ‘.ರೆಜ್’ ಫೈಲಿಗೆ ತಳ್ಳುತ್ತದೆ. ಅದನ್ನೇ ಬಳಸುವುದಾದರೆ ಮೊದಲು ‘--ಡ್ರೈ-ರನ್’ (ಫೈಲ್ ಬದಲಿಸದೆ ಬರೀ ಪರೀಕ್ಷೆ) ಕೊಟ್ಟು ನೋಡಿ.