ಆಪ್ತಸಮಾಲೋಚಕರ ಮಾಮೂಲಿ ಮಾತುಗಳು: ಯಾವುದಕ್ಕೆ ಎಷ್ಟು ಬೆಲೆ?

ಆಪ್ತಸಮಾಲೋಚನೆಗೆ ಹೋದವರು ಮೊದಲ ದಿನವೇ ಕೆಲವು ಮಾತುಗಳನ್ನು ಕೇಳಿಯೇ ಕೇಳುತ್ತಾರೆ: ‘ನಿಮ್ಮ ಕಷ್ಟ ಅರ್ಥವಾಗುತ್ತೆ’, ‘ಆಗ ನಿಮಗೆ ಹೇಗನ್ನಿಸಿತು?’, ‘ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ’. ಇದೇ ಕೆಲಸದಲ್ಲಿರುವವಳಾಗಿ ಹೇಳುವುದಾದರೆ, ಸೇವೆಯ ಗುಣ ಗೊತ್ತಾಗುವುದು ಇವುಗಳ ಬೆನ್ನಿಗೆ ಬರುವ ಮಾತಿನಿಂದ.

‘ಅರ್ಥವಾಗುತ್ತೆ’ ಅನ್ನುವುದಕ್ಕೆ ನಾನು ಕಡಿಮೆ ಅಂಕ ಕೊಡುತ್ತೇನೆ. ಐದು ನಿಮಿಷ ಕೇಳಿ ಯಾರಿಗೂ ಅಷ್ಟು ಅರ್ಥವಾಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹಾದಿಯಲ್ಲಿ ಕಲಿತವರು ಕೇಳಿದ್ದನ್ನು ಚಿಕ್ಕದಾಗಿ ತಿರುಗಿ ಹೇಳಿ, ‘ಸರಿಯಾಗಿ ಹೇಳಿದೆನಾ?’ ಎಂದು ಕೇಳುತ್ತಾರೆ. ‘ಇಲ್ಲ ಮೇಡಂ, ಅದು ಸಿಟ್ಟಲ್ಲ, ಅವಮಾನ’ ಎಂದು ಬಂದವರು ತಿದ್ದಿದರೆ, ಕೆಲಸ ಶುರುವಾಯಿತು ಅಂತಲೇ ಲೆಕ್ಕ.

‘ಹೇಗನ್ನಿಸಿತು?’ ಎಂದರೆ ನಮ್ಮಲ್ಲಿ ಬಹಳ ಜನ ‘ಏನೋ ಒಂಥರಾ’ ಎಂದು ಸುಮ್ಮನಾಗುತ್ತಾರೆ. ಸಂಕಟ ನಮ್ಮ ಬಾಯಲ್ಲಿ ಎದೆ ಭಾರ, ತಲೆ ಬಿಸಿ, ಹೊಟ್ಟೆಯಲ್ಲಿ ತಳಮಳ ಎಂದೇ ಬರುವುದು. ‘ಎದೆ ಭಾರ ಯಾವ ಹೊತ್ತಿಗೆ ಶುರುವಾಗುತ್ತೆ? ಆಗ ಮನೆಯಲ್ಲಿ ಯಾರಿರ್ತಾರೆ? ರಾತ್ರಿ ನಿದ್ದೆ ಎಷ್ಟು?’ ಎಂದು ವಿಚಾರಿಸುವವರು ಸಿಕ್ಕರೆ ಬಿಡಬೇಡಿ.

‘ಇಲ್ಲೇ ಇರುತ್ತೆ’ ಎಂಬ ಭರವಸೆ ಪೂರ್ತಿ ನಿಜವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದಾಗ ಅದಕ್ಕೆ ವಿನಾಯಿತಿಯೂ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವರದಿ ಮಾಡಲೇಬೇಕು. ಇದನ್ನು ಮಾತು ಶುರುವಾಗುವ ಮೊದಲೇ ಹೇಳದವರು ನಿಮಗೆ ಅನ್ಯಾಯ ಮಾಡುತ್ತಿದ್ದಾರೆ.

ಎಲ್ಲಕ್ಕಿಂತ ಅಪಾಯದ್ದು ‘ಹಾಗೆಲ್ಲ ಯೋಚನೆ ಮಾಡಬೇಡಿ’. ‘ಬದುಕೇ ಬೇಡ ಅನ್ನಿಸುತ್ತೆ’ ಎಂದವರಿಗೆ ಈ ಉತ್ತರ ಸಿಕ್ಕರೆ ಅವರು ಮುಂದೆ ಬಾಯಿ ಬಿಡುವುದೇ ಕಷ್ಟ. ಬಲ್ಲವರು ನೇರವಾಗಿ ಕೇಳುತ್ತಾರೆ: ‘ಸಾಯಬೇಕು ಅನ್ನೋ ಯೋಚನೆ ಬರುತ್ತಾ? ಹೇಗೆ ಅಂತಲೂ ಯೋಚಿಸಿದ್ದೀರಾ? ಇವತ್ತು ರಾತ್ರಿ ಜೊತೆಗೆ ಯಾರಿರ್ತಾರೆ?’ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅದನ್ನು ಬೇರೆಯವರ ವಶಕ್ಕೆ ಕೊಡಿಸುವುದೂ ಸಮಾಲೋಚಕರ ಕೆಲಸವೇ.

ಅಂಥ ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416, ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾಯಿತು, ಮುಂದಾಳತ್ವ ನಿಮ್ಹಾನ್ಸ್‌ನದು. ಮೊದಲು ಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಬಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ಮೊದಲ ಮಾತಿಗೆ ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ವರ್ಷಗಟ್ಟಲೆ ಹೊತ್ತ ಭಾರಕ್ಕೆ ಮಾತ್ರ ವಾರವಾರ ಅದೇ ಒಬ್ಬ ಸಮಾಲೋಚಕರು ಕೂತು ಕೇಳುವ ವ್ಯವಸ್ಥೆ ಬೇಕು. ಖಾಸಗಿಯಾಗಿ ಹೋಗುವುದಾದರೆ, ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬ ಬೋರ್ಡ್ ಇದ್ದಲ್ಲಿ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿ. ನಾಲ್ಕೈದು ಭೇಟಿ ಆದಮೇಲೆ ‘ನಾವು ಯಾವುದರ ಮೇಲೆ ಕೆಲಸ ಮಾಡ್ತಿದ್ದೀವಿ?’ ಎಂದೂ ಕೇಳಿ. ಸ್ಪಷ್ಟ ಉತ್ತರ ಬಾರದಿದ್ದರೆ ಬೇರೆಯವರನ್ನು ಹುಡುಕಲು ಸಂಕೋಚ ಬೇಡ.